ಧ್ವನಿ ಬೇಡ, ಮಾತಾಡುತ್ತಿರಿ

ಜನವರಿ 11, 2025

ಈ ಡೈರಿ ಕೊಟ್ಟವರು ಚಹಾಪುಡಿ ಕಂಪನಿಯವರು. ಪ್ರತಿ ಡಿಸೆಂಬರಿನಲ್ಲಿ ಕೌಂಟರಿನ ಮೇಲೆ ಒಂದು ಇಟ್ಟು ಹೋಗುವುದು ಅವರ ವಾಡಿಕೆ. ಈ ಸಲ ಡೈರಿ ಬಂತು, ಕೌಂಟರು ಹೋಯಿತು. ಮುಂಬೈ ಪಕ್ಕದ ಠಾಣೆಯ ರೈಲು ಸ್ಟೇಷನ್ನಿನ ಎದುರು ಮೂವತ್ತನಾಲ್ಕು ವರ್ಷ ನಾನು ಕೂತಿದ್ದ ಹೋಟೆಲು ಮುಚ್ಚಿ ಇವತ್ತಿಗೆ ಹನ್ನೊಂದು ದಿನ. ಅಲ್ಲೀಗ ಮೊಬೈಲ್ ಅಂಗಡಿಗೆ ಗಾಜು ಕೂರಿಸುತ್ತಿದ್ದಾರೆ.

ಈ ಹನ್ನೊಂದು ದಿನದಲ್ಲಿ ನನ್ನ ಮುಖ ನೋಡಿ ಮಾತಾಡಿದವರು ಇಷ್ಟು: ಹಾಲಿನವನು, “ಕಲ್ ಛುಟ್ಟಿ”, ನಾಳೆ ರಜೆ ಎಂದ. ಲೋಕಲ್ ರೈಲಿನ ಬಾಗಿಲಲ್ಲಿ ನಿಂತವನು, “ಉತರ್ನಾ ಹೈ ಕ್ಯಾ?”, ಇಳಿಯಬೇಕಾ ಎಂದ. ಮೂರನೆಯವಳು ನಮ್ಮ ಬಿಲ್ಡಿಂಗಿನ ಲಿಫ್ಟಿನೊಳಗಿನ ಹೆಂಗಸು. ಆಕೆ ರೆಕಾರ್ಡು, ಬಾಗಿಲು ಮುಚ್ಚಿ ಎಂದು ಮರಾಠಿಯಲ್ಲಿ ಹೇಳುತ್ತಾಳೆ. ನಿನ್ನೆ “ಮುಚ್ಚಿದೆ ತಾಯೀ, ಊಟ ಆಯ್ತಾ?” ಎಂದು ಕೇಳಿದೆ. ನಾಲ್ಕನೇ ಮಹಡಿಯವರೆಗೂ ಬಿಂಕ.

ಅಜ್ಜಿ ಅಕ್ಕು ಹೇಳಿದ ಕತೆಗಳನ್ನು ತಿಂದು ಬೆಳೆದ ಬಾಯಿ ಇದು. ಚಿಲ್ಲರೆ ಕೊಡುವಷ್ಟರಲ್ಲಿ ಗಿರಾಕಿಗೆ ಅರ್ಧ ಕತೆ ಹೇಳಿ, ಉಳಿದರ್ಧಕ್ಕೆ ನಾಳೆ ತಿಂಡಿಗೆ ಬರುವಂತೆ ಮಾಡುತ್ತಿದ್ದೆ. ಈಗ ಬಾಯಿ ಸುಮ್ಮನಿದ್ದರೆ ತುಕ್ಕು ಹಿಡಿಯುತ್ತದೆ ಎಂದು ಇಲ್ಲಿ ಬರೆಯುತ್ತಿದ್ದೇನೆ.

ತಮ್ಮ ವಸಂತ ಕುಂದಾಪುರದಿಂದ ದಿನಾ ಫೋನು ಮಾಡುತ್ತಾನೆ. “ಅಣ್ಣ, ನೀ ಅಲ್ಲ್ ಒಬ್ನೇ ಎಂತ ಮಾಡ್ತೆ? ಆ ರೂಮ್ ಮಾರಿ ಬಾ. ಮಾಳಿಗಿ ಮೇಲ್ ಕೋಣಿ ಖಾಲಿ ಇತ್ತ್.” ಒಳ್ಳೆಯ ಹುಡುಗ. ಅಲ್ಲಿಗೆ ಹೋಗಲು ನನಗೆ ಮನಸ್ಸಿಲ್ಲ. ಇಲ್ಲಿರಲು ಕಾರಣವೂ ಇಲ್ಲ. ನನ್ನ ರೂಮಿರುವ ಈ ಡೊಂಬಿವಲಿಯಲ್ಲಿ ಇಷ್ಟು ಜನ ಇದ್ದಾರೆ, ಒಬ್ಬರಾದರೂ ಒಂದು ಕಾರಣ ಕೊಡಬಾರದೆ?

ಜನವರಿ 18

ಮುರಾರಿ ಸಿಕ್ಕಿದ. ಕೋಪರಖೈರಣೆಯವನು, ಹೋಟೆಲಿನ ಹಳೇ ಗಿರಾಕಿ. ಸಿನಿಮಾದವರಿಗೆ ಗುಂಪಿನಲ್ಲಿ ನಿಲ್ಲುವ ಜನ ಒದಗಿಸುವುದು ಅವನ ಕೆಲಸ.

“ಮಾಮಾ, ಏಕ್ ರೋಲ್ ಆಹೇ. ಗಂಡ ಆಗ್ಬೇಕು.”

“ಯಾರಿಗೆ?”

“ಕಿಸಿಕೋ ಭೀ. ಬೆಂಚ್ ಮೇಲೆ ಕೂತ್ಕೊಳ್ಳೋದು ಬಸ್. ಛೇ ದಿನ.”

ಐವತ್ತೊಂಬತ್ತು ವರ್ಷ ಮದುವೆ ತಪ್ಪಿಸಿಕೊಂಡವನು ಆರು ದಿನಕ್ಕೆ ಒಪ್ಪಿದೆ.

ಜನವರಿ 20

ನವಿ ಮುಂಬೈಯ ಒಂದು ಸ್ಟೇಷನ್ನಿನಲ್ಲಿ ಗಾಡಿ ಬಾರದ ಪ್ಲಾಟ್‌ಫಾರ್ಮ್. ಅಲ್ಲಿ ಚಿತ್ರೀಕರಣ. ಸಿನಿಮಾದ ಹೆಸರು ಇಂಗ್ಲಿಷಿನಲ್ಲಿದೆ, ಮುರಾರಿಗೂ ಹೇಳಲು ಬರುವುದಿಲ್ಲ. ಕತೆ ಮಾತ್ರ ತಿಳಿಯಿತು. ಒಬ್ಬ ಒಂಟಿ ಹುಡುಗ ದಿನಾ ಬಂದು ಎದುರಿನ ಬೆಂಚಿನಲ್ಲಿ ಕೂರುತ್ತಾನೆ. ಈಚೆ ಬೆಂಚಿನಲ್ಲಿ ನಡುವಯಸ್ಸಿನ ಗಂಡ ಹೆಂಡತಿ ನಗುತ್ತ ಮಾತಾಡುತ್ತಿರುತ್ತಾರೆ. ಹುಡುಗ ನೋಡುತ್ತಾನೆ. ಒಂದು ದಿನ ಅವರು ಬರುವುದಿಲ್ಲ. ಹುಡುಗ ಖಾಲಿ ಬೆಂಚು ನೋಡಿ ಅಳುತ್ತಾನೆ. ಮುಗಿಯಿತು.

ಎದ್ದು ಬಂದು “ನಮಸ್ಕಾರ, ಎಲ್ಲಿಯವರು?” ಎಂದು ಕೇಳಿದ್ದರೆ ಐದು ನಿಮಿಷದಲ್ಲಿ ಮುಗಿಯುವ ಕತೆ. ಹೇಳಲು ಹೋದೆ. ಮುರಾರಿ ಕಾಲು ತುಳಿದ.

ನಿರ್ದೇಶಕಿ ಸುಮೇಧಾ. ಮೂವತ್ತು ದಾಟಿರಲಿಕ್ಕಿಲ್ಲ. “ಅಂಕಲ್, ಬಾತ್ ಕರತೇ ರಹಿಯೇ, ಪರ್ ಆವಾಜ್ ಬಿಲ್ಕುಲ್ ನಹೀ” ಎಂದಳು. ಧ್ವನಿ ಬೇಡ, ಮಾತಾಡುತ್ತಿರಿ. ಬಾಯಿ ಮಾತ್ರ ಆಡಬೇಕಂತೆ. ಮೈಕು ಹುಡುಗನ ನಿಟ್ಟುಸಿರಿಗೆ ಮೀಸಲು. “ಟೆನ್ಷನ್ ನಕೋ ಮಾಮಾ, ನೀವು ಹಿಂದೆ ಧೂಸರ, ಮಸುಕು ಮಸುಕು ಕಾಣ್ತೀರಿ” ಎಂದ ಮುರಾರಿ.

ನನ್ನ ಹೆಂಡತಿ ಬಾಲಾಬಾಯಿ, ಶಹಾಡದವಳು. ಸೆಟ್ಟಿನಲ್ಲಿ ಹಿಂದಿ, ಮರಾಠಿ ಎರಡನ್ನೂ ಕಲಸಿ ಆಡುತ್ತಾಳೆ. ಭಿವಂಡಿಯ ಮಗ್ಗದ ಶೆಡ್ಡಿನಲ್ಲಿ ಇಪ್ಪತ್ತೆರಡು ವರ್ಷ ದುಡಿದವಳಂತೆ. ಅಷ್ಟು ಸದ್ದಿನಲ್ಲಿ ಇದ್ದವಳಿಗೆ ಕಿವಿ ಮಂದವಿರಬೇಕು, ಮಾತಾಡುವಾಗ ನನ್ನ ಬಾಯಿಯನ್ನೇ ನೋಡುತ್ತಾಳೆ. ಪಾಪ.

ಆ್ಯಕ್ಷನ್ ಎಂದರು. ಏನು ಮಾತಾಡುವುದು? ಧ್ವನಿಯಿಲ್ಲದ ಕನ್ನಡ ಎಂದರೆ ಎರಡು ಬೀಗ ಹಾಕಿದ ಪೆಟ್ಟಿಗೆ. ಧೈರ್ಯ ಬಂತು. ಸುಂದರವಾಗಿ ನಕ್ಕು, ಬಾಯಿ ಆಡಿಸಿ ಹೇಳಿದೆ: “ಅಮ್ಮಾ, ನಿಮ್ಮ ಸೀರೆ ನಮ್ಮ ಹೋಟೆಲಿನ ಪುದೀನಾ ಚಟ್ನಿಯ ಬಣ್ಣ. ಅದೂ ನಿನ್ನೆಯ ಚಟ್ನಿ.”

ಆಕೆ ತುಟಿ ಕಚ್ಚಿ ದೂರ ನೋಡಿದಳು. “ಸುಪರ್ಬ್!” ಎಂದಳು ಸುಮೇಧಾ.

ಜನವರಿ 21

ಬೆಳಿಗ್ಗೆ ರಂಪ. ಬಾಲಾಬಾಯಿ ನೀಲಿ ಸೀರೆ ಉಟ್ಟು ಬಂದಿದ್ದಾಳೆ! ನಿನ್ನೆಯ ಸೀರೆಯೇ ಬೇಕು, ಕಂಟಿನ್ಯುಯಿಟಿ ಎಂದು ಉಡುಪಿನವನು ಕೂಗಾಡಿದ. ಮನೆಯಿಂದ ಹಸಿರು ಸೀರೆ ತರಿಸಿ ಉಡುವಷ್ಟರಲ್ಲಿ ಹನ್ನೊಂದಾಯಿತು. ಎಷ್ಟು ಹೇಳಿದರೂ ಮರೆಯುವ ಜನ. ಉಟ್ಟು ಬಂದವಳು ನನ್ನನ್ನು ಯಾಕೆ ಹಾಗೆ ದುರುಗುಟ್ಟಿದಳೋ!

ನನಗೆ ಹಲ್ಲುನೋವು. ಇಡೀ ದಿನ ಧ್ವನಿಯಿಲ್ಲದೆ ಹಲ್ಲನ್ನು ಬೈದೆ, ಹಲ್ಲಿನ ವೈದ್ಯನನ್ನು ಬೈದೆ. ಆಕೆ ತಲೆದೂಗಿದಳು. ಒಳ್ಳೆಯ ನಟಿ.

ಜನವರಿ 22

ಬಾಲಾಬಾಯಿ ಬಂದವಳೇ ಸೆರಗಿನ ತುದಿ ಬಿಚ್ಚಿ ನಾಲ್ಕು ಲವಂಗ ಕೈಯಲ್ಲಿಟ್ಟು “ದಾಢ್ ಕೇ ನೀಚೇ ರಖೋ” ಎಂದಳು, ದವಡೆಹಲ್ಲಿನ ಕೆಳಗೆ. ಬೇರೆ ಯಾರಿಗೂ ಕೊಡಲಿಲ್ಲ. ನನ್ನ ಮುಖ ನೋಡಿಯೇ ಗೊತ್ತಾಗಿರಬೇಕು. ಹೆಂಗಸರ ಕಣ್ಣು ಬಲು ಚುರುಕು.

ಬೈಗುಳ ಮುಗಿದಿದ್ದರಿಂದ ಅಕ್ಕು ಅಜ್ಜಿಯ ಕತೆ ಶುರುಮಾಡಿದೆ. ಕತ್ತಲೆಂದರೆ ಹೆದರುವ ಒಬ್ಬ ಕಳ್ಳ. ಅದಕ್ಕೇ ಅವನು ಹಗಲಿನಲ್ಲಿ ಕದಿಯುತ್ತಿದ್ದ. ಊರ ಕೊನೆಯ ಮನೆಯ ಹಿಂಗೋಡೆಗೆ ಕನ್ನ ಕೊರೆದು, ನಡುಮಧ್ಯಾಹ್ನ ನುಸುಳಿ ಒಳಗೆ ಬಂದರೆ, ಅಲ್ಲಿ ಒಬ್ಬಳೇ ಮುದುಕಿ. ಅವಳ ಮನೆಗೆ ಯಾರಾದರೂ ಬಂದು ಏಳು ವರ್ಷವಾಗಿತ್ತು. ಕಳ್ಳನನ್ನು ನೋಡಿ ಆಕೆಗೆ ಕುಣಿಯುವಷ್ಟು ಖುಷಿ. “ಬಾ ಮಗಾ, ಕೈಕಾಲು ತೊಳಿ. ಮೊದಲು ಊಟ, ಆಮೇಲೆ ಕಳ್ಳತನ.”

ಇಲ್ಲಿಗೆ ಬಂದಾಗ ಬಾಲಾಬಾಯಿ ಹೊಟ್ಟೆ ಹಿಡಿದುಕೊಂಡು ನಕ್ಕಳು, ಧ್ವನಿಯಿಲ್ಲದೆ. ಸುಮೇಧಾ ಓಡಿ ಬಂದು ಅವಳ ಕೈ ಹಿಡಿದು “ಆಂಟಿ, ಆಪ್ ಕಿತ್ನೀ ನ್ಯಾಚುರಲ್ ಹೋ!” ಎಂದಳು. ನನಗೆ ಏನೂ ಅನ್ನಲಿಲ್ಲ. ಕತೆ ಹೇಳಿದವನು ನಾನು, ಹೊಗಳಿಕೆ ಅವಳಿಗೆ. ಸಿನಿಮಾ ಎಂದರೆ ಇಷ್ಟೇ.

ಜನವರಿ 23

ಕಳ್ಳನಿಗೆ ದಿನಾ ಊಟ. ಮೊದಲ ದಿನ ಗಂಜಿ, ಎರಡನೇ ದಿನ ಕಡುಬು, ಮೂರನೇ ದಿನ ಹಯಗ್ರೀವ. ಮುದುಕಿ ಮಾತು ನಿಲ್ಲಿಸುವುದಿಲ್ಲ. ಅವನು ಕದಿಯಲು ಎದ್ದರೆ “ಕೂತ್ಕೋ, ಮುಖ್ಯ ವಿಷಯ ಹೇಳೋದು ಮರೆತೆ” ಎನ್ನುತ್ತಾಳೆ. ಹೊತ್ತು ಮುಳುಗುವಷ್ಟರಲ್ಲಿ ಕಳ್ಳನಿಗೆ ಕತ್ತಲೆಯ ಹೆದರಿಕೆ, ಬರಿಗೈಯಲ್ಲಿ ಓಟ.

ಬಾಲಾಬಾಯಿಯ ನಟನೆ ದಿನದಿಂದ ದಿನಕ್ಕೆ ಸುಧಾರಿಸುತ್ತಿದೆ. ನಗಬೇಕಾದಲ್ಲಿ ಸರಿಯಾಗಿ ನಗುತ್ತಾಳೆ. ಅಂದಾಜಿನಲ್ಲಿ ಇಷ್ಟು ಸರಿ ಹೊಡೆಯುವವಳು ಲಾಟರಿ ಯಾಕೆ ಆಡುತ್ತಿಲ್ಲ?

ನಾಳೆಗೆ ಗಡ್ಡ ತೆಗೆದೆ. ಮೊನ್ನೆಯೂ ತೆಗೆದಿದ್ದೆ. ಕಂಟಿನ್ಯುಯಿಟಿ.

ಜನವರಿ 24

ಇವತ್ತು ಕತೆ ಹೇಳಲಿಲ್ಲ. ಬೆಳಿಗ್ಗೆ ವಸಂತ ಫೋನು ಮಾಡಿದ್ದ, ರೂಮಿಗೆ ಗಿರಾಕಿ ಹುಡುಕಿದ್ದಾನಂತೆ. ಅದೇ ತಲೆಯಲ್ಲಿತ್ತು. ಕ್ಯಾಮರಾ ತಿರುಗಿದಾಗ ಬಾಯಿಯಿಂದ ಅದೇ ಬಂತು. ಸಂಜೆಯಾದರೆ ನಾನು ಮಾತಾಡುವುದು ಲಿಫ್ಟಿನ ಜೊತೆ ಎಂದೆ. ಈ ಬೆಂಚು ಎದ್ದು ಹೋದ ಮೇಲೆ ಮತ್ತೆ ಅದೇ ಎಂದೆ. ಊರಿಗೆ ಹೋದರೂ ಅಷ್ಟೇ, ಅಲ್ಲಿ ಎಲ್ಲರಿಗೂ ನನ್ನ ಕತೆಗಳು ಗೊತ್ತು ಎಂದೆ. ಇನ್ನೂ ಏನೋ ಎಂದೆ. ಅದನ್ನು ಇಲ್ಲಿ ಬರೆಯುವುದಿಲ್ಲ.

“ಕಟ್! ಆಂಟೀ, ಖುಷಿ! ಖುಷ್ ಜೋಡಿ!” ಎಂದು ಸುಮೇಧಾ ಕೂಗಿದಳು. ಅಳಬೇಕಾದ್ದು ಹೀರೋ ಅಂತೆ. ನೋಡಿದರೆ ಬಾಲಾಬಾಯಿಯ ಕಣ್ಣಲ್ಲಿ ನೀರು. ಆ ಪ್ಲಾಟ್‌ಫಾರ್ಮಿನಲ್ಲಿ ಧೂಳು ಬಹಳ.

ಜನವರಿ 25

ಕೊನೆಯ ದಿನ. ಕತೆ ಕಳ್ಳನ ಏಳನೇ ಮಧ್ಯಾಹ್ನಕ್ಕೆ ಬಂತು. ತಿಂದು ತಿಂದು ಕಳ್ಳ ಎಷ್ಟು ದಪ್ಪವಾಗಿದ್ದ ಎಂದರೆ ತಾನೇ ಕೊರೆದ ಕನ್ನದಲ್ಲಿ ಸಿಕ್ಕಿಬಿದ್ದ. ಅರ್ಧ ಒಳಗೆ, ಅರ್ಧ ಹೊರಗೆ. ಹೊರಗೆ ಊರ ತಳವಾರ ಬಂದು ಕಾಲು ಹಿಡಿದು ಎಳೆಯುತ್ತಾನೆ. ಒಳಗೆ ಮುದುಕಿ ಕೈ ಹಿಡಿದು ಎಳೆಯುತ್ತಾಳೆ. “ಬಿಡೋ, ಕಡುಬು ಆರ್ತಾ ಇದೆ!” ಎಂದು ಅವಳು, “ಬಿಡೇ, ಠಾಣೆಗೆ ಹೊತ್ತಾಯ್ತು!” ಎಂದು ಅವನು. ನಡುವೆ ಕಳ್ಳ, “ನನ್ನನ್ನು ಯಾರಾದರೂ ಕೇಳಿ!” ಎಂದು.

ಅಷ್ಟರಲ್ಲಿ ಬಿಸಿಲು ಹೋಯಿತು, ಪ್ಯಾಕಪ್. ಬೆಂಚನ್ನೂ ಟೆಂಪೋಗೆ ಹಾಕಿದರು. ಬಾಲಾಬಾಯಿ ನನ್ನ ಅಂಗಿಯ ತೋಳು ಹಿಡಿದು “ಫಿರ್?” ಎಂದಳು.

“ಫಿರ್ ಕ್ಯಾ, ಪ್ಯಾಕಪ್ ಹೋ ಗಯಾ” ಎಂದೆ.

ಹಣೆ ಚಚ್ಚಿಕೊಂಡಳು. ಹೆಂಗಸರ ವ್ಯಾನಿನಿಂದ ಹಾರ್ನು. ಹೊರಟೇಹೋದಳು.

ನಿಜ ಹೇಳಬೇಕೆಂದರೆ ಆ ಕತೆಯ ಕೊನೆ ನನಗೂ ಗೊತ್ತಿಲ್ಲ. ಇಲ್ಲಿಗೆ ಬರುವಷ್ಟರಲ್ಲಿ ಅಕ್ಕು ಅಜ್ಜಿ ಗೊರಕೆ ಹೊಡೆಯುತ್ತಿದ್ದಳು.

ಫೆಬ್ರವರಿ 9

ಠಾಣೆಯಿಂದ ಬರುವಾಗ ಗಾಡಿಯಲ್ಲಿ ನಿದ್ದೆ ಹತ್ತಿ ಡೊಂಬಿವಲಿ ತಪ್ಪಿತು. ಕಣ್ಣು ಬಿಟ್ಟರೆ ಶಹಾಡ. ಬಂದದ್ದೇ ಬಂದೆ ಎಂದು ಮಾರುಕಟ್ಟೆಯಲ್ಲಿ ಎರಡು ಸುತ್ತು ಹಾಕಿದೆ.

ಫೆಬ್ರವರಿ 16

ಮತ್ತೆ ನಿದ್ದೆ. ಮತ್ತೆ ಶಹಾಡ. ಇವತ್ತು ಗಾಡಿಯಲ್ಲಿ ನಿಂತೇ ಇದ್ದೆ. ನಿಂತವನಿಗೆ ನಿದ್ದೆ ಹೇಗೆ ಬಂತೋ.

ಮಾರ್ಚ್ 2

ಶಹಾಡ. ರಕ್ತ ಪರೀಕ್ಷೆ ಮಾಡಿಸಬೇಕು.

ಮುರಾರಿಗೆ ಫೋನು ಮಾಡಿ, ಬಾಲಾಬಾಯಿಯ ಎರಡು ಲವಂಗ ನನ್ನ ಬಳಿ ಉಳಿದಿದೆ, ಹಿಂದಿರುಗಿಸಬೇಕು, ನಂಬರ್ ಕೊಡು ಎಂದೆ. “ಮಾಮಾ, ಆರ್ಟಿಸ್ಟ್ ಲೋಗ್ ಕಾ ನಂಬರ್ ಕೊಡೂದಿಲ್ಲ, ರೂಲ್ ಹೈ” ಎಂದ. ಆಮೇಲೆ “ದೋ ಲವಂಗ್?” ಎಂದು ನಕ್ಕ. ಅದರಲ್ಲಿ ನಗುವಂಥದ್ದೇನಿದೆಯೋ.

ಜೂನ್ 14

ವಸಂತನಿಗೆ ಮಳೆ ಮುಗಿಯಲಿ ಎಂದೆ.

ಸೆಪ್ಟೆಂಬರ್ 30

ಮಳೆ ಮುಗಿಯಿತು. ಸಿನಿಮಾ ಬರಲಿ, ನನ್ನನ್ನು ನಾನೊಮ್ಮೆ ನೋಡಿ ಬರುತ್ತೇನೆ ಎಂದೆ. “ಕನ್ನಡಿ ಇಲ್ಯಾ ಅಲ್ಲ್?” ಎಂದು ಕೇಳಿದ ವಸಂತ. ಬಿಡಲಿಲ್ಲ. ನವೆಂಬರ್ ಹತ್ತರ ಟಿಕೆಟ್ಟು ತಾನೇ ತೆಗೆದು ಕಳಿಸಿದ. ಅದಾದ ವಾರಕ್ಕೆ ರೂಮಿನ ಗಿರಾಕಿ ಸಹಿಗಾಗಿ ಕುಂದಾಪುರಕ್ಕೇ ಬರುತ್ತಾನಂತೆ. ಇನ್ನು ನೆಪ ಉಳಿದಿಲ್ಲ.

ನವೆಂಬರ್ 7, ಶುಕ್ರವಾರ

ಇದನ್ನು ಇವತ್ತೇ ಬರೆಯಬೇಕು.

ಮೊನ್ನೆ, ಡೊಂಬಿವಲಿಗೂ ಶಹಾಡಕ್ಕೂ ನಡುವಿನ ಕಲ್ಯಾಣದ ಸ್ಟೇಷನ್ ಹೊರಗೆ ಪೋಸ್ಟರ್ ನೋಡಿದೆ. ಹೆಸರು ಓದಲಾಗಲಿಲ್ಲ, ಬೆಂಚಿನ ಗುರುತು ಸಿಕ್ಕಿತು. ಇಡೀ ಕಲ್ಯಾಣಕ್ಕೆ ಒಂದೇ ಆಟ, ಬೆಳಿಗ್ಗೆ ಹತ್ತೂ ನಲವತ್ತು. ಇವತ್ತು ಹೋದೆ. ಇನ್ನೂರು ಕುರ್ಚಿಯ ಹಾಲಿನಲ್ಲಿ ಏಳು ಜನ, ಒಬ್ಬರ ನೆರಳು ಒಬ್ಬರ ಮೇಲೆ ಬೀಳದಂತೆ ಒಂದೊಂದು ಮೂಲೆ ಹಿಡಿದು ಕೂತಿದ್ದರು. ನಾನೂ ಒಂದು ಮೂಲೆ ಹಿಡಿದೆ. ಇಂಥ ಸಿನಿಮಾಕ್ಕೆ ಹೀಗೆಯೇ ಕೂರಬೇಕೇನೋ.

ಹುಡುಗ ನಡೆದ. ಹುಡುಗ ನಿಂತ. ಹುಡುಗ ಮ್ಯಾಗಿ ಮಾಡಿಕೊಂಡು ಅದನ್ನು ತಿನ್ನಲಿಲ್ಲ. ನಲವತ್ತು ನಿಮಿಷದ ಮೇಲೆ ಪ್ಲಾಟ್‌ಫಾರ್ಮ್ ಬಂತು. ಮುರಾರಿ ಹೇಳಿದ್ದಕ್ಕೆ ತದ್ವಿರುದ್ಧ! ಧೂಸರವಾದವನು ಹೀರೋ. ಅವನ ಭುಜದಾಚೆ ನಾವಿಬ್ಬರು, ಪರದೆಯ ತುಂಬ, ನನ್ನ ಮೂಗಿನ ಕೂದಲು ಕಾಣುವಷ್ಟು ಸ್ಪಷ್ಟ. ಹಿಂದೆ ಪಿಟೀಲು ಅಳುತ್ತಿದೆ. ಪರದೆಯ ಮೇಲಿನ ನಾನು ಕೈ ಚಾಚಿ ಏನನ್ನೋ ಎಳೆಯುತ್ತ ಬಾಯಿ ಆಡಿಸುತ್ತಿದ್ದೇನೆ. ಇದು ಕೊನೆಯ ದಿನದ್ದು, ಕಳ್ಳ ಸಿಕ್ಕಿಬಿದ್ದದ್ದು ಎಂದು ನನಗೆ ಮಾತ್ರ ಗೊತ್ತು. ಮುಂದಿನ ಸಾಲಿನವನು ಮೂಗು ಸೀಟಿದ.

ಆಗ ಹಿಂದಿನ ಮೂಲೆಯಿಂದ ಒಬ್ಬ ಹೆಂಗಸು ಗಹಗಹಿಸಿ ನಕ್ಕಳು.

“ಓ ಆಂಟೀ, ಚುಪ್!” ಎಂದ ಮೂಗು ಸೀಟುತ್ತಿದ್ದವನು.

ಆ ನಗುವನ್ನು ನಾನು ಯಾವತ್ತೂ ಕೇಳಿರಲಿಲ್ಲ. ಆದರೂ ತಿರುಗಿದೆ. ಪರದೆಯ ಬೆಳಕಿನಲ್ಲಿ ಪುದೀನಾ ಚಟ್ನಿಯ ಬಣ್ಣ. ನಿನ್ನೆಯದು.

ಆಕೆ ಕುರ್ಚಿಗಳನ್ನು ದಾಟಿ ಬಂದು ನನ್ನ ಪಕ್ಕ ಕೂತಳು. ಕಿವಿಯ ಹತ್ತಿರ ಬಗ್ಗಿ, ಅಚ್ಚ ಕನ್ನಡದಲ್ಲಿ ಹೇಳಿದಳು:

“ಏನ್ರೀ ಗಂಡ ಮಹಾರಾಯ್ರ, ಕಳ್ಳನ್ನ ಅಲ್ಲೇ ಬಿಟ್ಟು ಹತ್ತು ತಿಂಗಳಾತಲ್ರೀ! ಸತ್ತಾನೋ ಬದಕ್ಯಾನೋ?”

ನನ್ನ ಬಾಯಿ ತೆರೆಯಿತು. ಧ್ವನಿ ಬರಲಿಲ್ಲ, ಈ ಸಲ ಯಾರೂ ಹೇಳಿರಲಿಲ್ಲ.

“ನಿಮಗೆ ಕನ್ನಡ…?”

“ಆಳಂದದಾಕಿ ಅದೀನ್ರಿ. ಬಾಲಮ್ಮ. ಇಲ್ಲಿ ಮಂದಿ ಬಾಲಾಬಾಯಿ ಮಾಡ್ಯಾರ.”

“ಆದರೆ ನಾನು ಧ್ವನಿ…”

“ಇನ್ನೂರು ಮಗ್ಗ ಒಮ್ಮಿಗೇ ಬಡೀತಿದ್ವು. ಅಲ್ಲಿ ಕಿವಿಗೇನ್ ಕೆಲಸ? ಬಾಯಿ ನೋಡೇ ಮಾತು. ಕನ್ನಡ, ತೆಲುಗು, ಹಿಂದಿ, ಯಾವ ಬಾಯಾದ್ರೂ ಓದ್ತೀನಿ.”

ಪರದೆಯಲ್ಲಿ ಹೀರೋ ಖಾಲಿ ಗೋಡೆ ನೋಡುತ್ತಿದ್ದ. ನಾನು ಕಣ್ಣು ಮುಚ್ಚಿ ಆರು ದಿನವನ್ನು ಮೊದಲಿಂದ ನೆನೆದೆ. ಸೀರೆ. ಲವಂಗ. ಧೂಳು. ದೇವರೇ, ಜನವರಿ 24! ಇಲ್ಲಿ ಬರೆಯದೆ ಬಿಟ್ಟದ್ದು. ಈಗ ಬರೆದೇಬಿಡುತ್ತೇನೆ, ಇನ್ನು ಮುಚ್ಚಿಟ್ಟು ಏನು ಪ್ರಯೋಜನ. ಅಂದು ಹೇಳಿದ್ದೆ: “ನೀವು ನಿಜವಾಗಿ ಕೇಳಿಸಿಕೊಳ್ಳುತ್ತಿದ್ದರೆ ಎಷ್ಟು ಚೆನ್ನಾಗಿತ್ತು.”

“ಮೊದಲೇ ಯಾಕೆ ಹೇಳಲಿಲ್ಲ?” ಎಂದೆ.

“ಹೇಳಿದ್ರ ನೀವು ಬಾಯಿ ಮುಚ್ಚತಿದ್ರಿ. ನಮ್ಮ ಮನಿಯಾಗ ಅಳಿಯಂದು ರಾತ್ರಿ ಪಾಳಿ. ಹಗಲೆಲ್ಲ ಮಲಗ್ತಾನ, ಯಾರೂ ಪಿಟಕ್ ಅನ್ನಂಗಿಲ್ಲ. ಅಷ್ಟ ವರ್ಷ ಸದ್ದಿನಾಗ ಇದ್ದಾಕಿಗೆ ಈಗ ಈ ಗಪ್‌ಚಿಪ್ ಮನಿ. ನಿಮ್ಮ ಕತಿ ಕೇಳಾಕಂತ್ಲೇ ಬರತಿದ್ದೆ ನಾ.” ಸೆರಗು ಸರಿಮಾಡಿಕೊಂಡು, “ಸೀರಿ ಮಾತಿಗೆ ಮಾತ್ರ ಕಪಾಳಕ್ಕ ಹೊಡೀಬೇಕನಸಿತ್ತು” ಎಂದಳು.

ನಿದ್ದೆ ಹತ್ತಿ ಮೂರು ಸಲ ಶಹಾಡದಲ್ಲಿ ಇಳಿದಿದ್ದೆ ಎಂದು ಹೇಳಿದೆ. ಆಕೆ ನನ್ನತ್ತ ನೋಡದೆ, “ನಾನೂ ಎರಡ ಸಲ ಡೊಂಬಿವಲಿದಾಗ ಇಳದಿನಿ. ನಿದ್ದಿ” ಎಂದಳು. ಈ ಲೋಕಲ್ ಗಾಡಿಗಳಲ್ಲಿ ಏನೋ ದೋಷವಿದೆ.

“ಸೋಮವಾರ ಊರಿಗೆ ಹೊರಟಿದ್ದೇನೆ” ಎಂದೆ. “ಟಿಕೆಟ್ ಆಗಿದೆ.”

ಅಷ್ಟರಲ್ಲಿ ಮುಂದಿನವನು ಎದ್ದು ನಿಂತು ಕೈ ಮುಗಿದ: “ಅಂಕಲ್, ಆಂಟೀ, ಪ್ಲೀಸ್. ಸ್ಯಾಡ್ ಸೀನ್ ಹೈ.”

ಬಾಲಮ್ಮ ಧ್ವನಿ ನಿಲ್ಲಿಸಿದಳು. ಮಾತು ನಿಲ್ಲಿಸಲಿಲ್ಲ. ನನ್ನ ಕಡೆ ತಿರುಗಿ ಬಾಯಿ ಆಡಿಸಿ ಏನೋ ಉದ್ದವಾಗಿ ಹೇಳಿದಳು. ನನಗೆ ಒಂದಕ್ಷರವೂ ತಿಳಿಯಲಿಲ್ಲ. ಮತ್ತೆ ಹೇಳಿದಳು, ನಿಧಾನವಾಗಿ, ಮಗುವಿಗೆ ಹೇಳುವಂತೆ. ಊಹುಂ. ಮೂವತ್ತನಾಲ್ಕು ವರ್ಷ ಜನರ ಮುಂದೆ ಕೂತು ಬರೀ ಹೇಳಿದ್ದೇ ಹೇಳಿದ್ದು, ಒಬ್ಬರ ಬಾಯಿಯನ್ನಾದರೂ ಸರಿಯಾಗಿ ನೋಡಿದ್ದರೆ ತಾನೇ?

ಇಂಟರ್‌ವಲ್ಲಿನ ದೀಪ ಹತ್ತಿದ ಕೂಡಲೇ ಕೇಳಿದೆ: “ಏನು ಹೇಳಿದಿರಿ?”

“ಅದು ಇರ್ಲಿ. ಮೊದಲ ಕಳ್ಳನ ಸುದ್ದಿ ಹೇಳ್ರಿ. ಒಳಗ ಎಳದ್ರೋ, ಹೊರಗ ಎಳದ್ರೋ?”

ಗೊತ್ತಿಲ್ಲ ಎಂದು ಒಪ್ಪಿಕೊಂಡೆ. ಅಜ್ಜಿಯ ಗೊರಕೆಯ ವಿಷಯವನ್ನೂ ಹೇಳಿದೆ. ಆಕೆ ಪಾಪ್‌ಕಾರ್ನ್ ಡಬ್ಬಿಯ ತಳ ಕೆರೆಯುತ್ತ ಯೋಚಿಸಿದಳು. ಆಮೇಲೆ, ಇಷ್ಟೇನಾ ಎಂಬಂತೆ:

“ಎಳೆಯೂದ್ಯಾಕ? ಗ್ವಾಡಿ ಒಡದ್ ಬಿಡ್ರಿ. ಕಳ್ಳನೂ ಬಿಡುಗಡಿ, ಮುದುಕಿಗೂ ಹಿತ್ತಲಬಾಗಿಲಾ ಆತು. ನಾಳಿಂದ ಸೀದಾ ನಡಕೊಂತ ಬರ್ಲಿ.”

ಮೂಗು ಸೀಟುವವನು ತಿರುಗಿ ನೋಡಿದ. “ಕ್ಯಾ ಬೋಲಾ ಆಂಟೀನೇ?” ಎಂದು ನನ್ನನ್ನು ಕೇಳಿದ. ಇಡೀ ಬೆಳಿಗ್ಗೆ ಆ ಹಾಲಿನಲ್ಲಿ ಅಪರಿಚಿತನೊಬ್ಬ ಅಪರಿಚಿತನನ್ನು ಕೇಳಿದ ಮೊದಲ ಪ್ರಶ್ನೆ ಅದು. ಅವನನ್ನೂ ಪಕ್ಕಕ್ಕೆ ಕರೆದೆ. ಕತೆಯನ್ನು ಮೊದಲಿಂದ ಹಿಂದಿಯಲ್ಲಿ ಹೇಳಿದೆ. ಸಿನಿಮಾದ ಉಳಿದರ್ಧದಲ್ಲಿ ಏನಾಯಿತೋ ನಮಗೆ ಮೂವರಿಗೂ ಗೊತ್ತಿಲ್ಲ.

ನವೆಂಬರ್ 10, ಸೋಮವಾರ

ಸಂಜೆ ನಾಲ್ಕೂವರೆ. ಮಂಗಳೂರು ಗಾಡಿ ಈಗ ಪನವೇಲ್ ದಾಟಿರಬೇಕು. ನನ್ನ ಸೀಟಿನಲ್ಲಿ ಯಾರೋ ಕಾಲು ಚಾಚಿರಬಹುದು.

ಟಿವಿಯ ಸದ್ದು ಪೂರ್ತಿ ತಗ್ಗಿಸಿ ವಾರ್ತೆ ಓದುವವಳ ಬಾಯಿ ನೋಡುತ್ತಿದ್ದೇನೆ. ಹೀಗೆ ಮಾಡಿದರೆ ಒಂದು ತಿಂಗಳಿಗೆ ಬಾಯಿ ಓದಲು ಬರುತ್ತದಂತೆ. ಬಂದ ಮೇಲೆ ಬಾಲಮ್ಮ ಆ ಕತ್ತಲಲ್ಲಿ ಏನು ಹೇಳಿದ್ದು ಎಂದು ಮತ್ತೊಮ್ಮೆ ಹೇಳುತ್ತಾಳಂತೆ. ಇವತ್ತು “ಮಳೆ” ಎಂಬುದು ತಿಳಿಯಿತು. ಅಥವಾ “ಬೆಲೆ”.

ಬುಧವಾರ ಮಧ್ಯಾಹ್ನ ಶಹಾಡ ಸ್ಟೇಷನ್ನಿನ ಬೆಂಚಿನಲ್ಲಿ ಕೂರುವುದೆಂದಾಗಿದೆ. ಮುದುಕಿಯ ಮನೆಗೆ ಬಾಗಿಲಾದ ಮೇಲೆ ಮುಂದೇನು ಎಂಬುದನ್ನು ನಾನು ಕಟ್ಟಬೇಕು. ಎದುರಿನ ಬೆಂಚಿನಲ್ಲಿ ಯಾವನಾದರೂ ಹುಡುಗ ನಿಟ್ಟುಸಿರು ಬಿಡುತ್ತ ನೋಡಿದರೆ, ಎದ್ದು ಬಾ ಮಾರಾಯ ಎಂದು ಕರೆಯುವುದೆಂದೂ ಆಗಿದೆ. ಬೇರೇನಿಲ್ಲ, ಕತೆ ಅರ್ಧಕ್ಕೆ ಬಿಡಬಾರದು, ಅಷ್ಟೇ.

ಲಿಫ್ಟಿನ ಹೆಂಗಸು ಬೆಳಿಗ್ಗೆ ಏನೋ ಅಂದಳು. ಗಮನವಿರಲಿಲ್ಲ.

ಈಗಷ್ಟೇ ವಸಂತನ ಫೋನು. “ಗಾಡಿ ಹತ್ದ್ಯಾ ಅಣ್ಣ?”

“ಇಲ್ಲ ಮಾರಾಯ. ಆ ಗಿರಾಕಿಗೆ ಬಪ್ಪುದ್ ಬ್ಯಾಡ ಅಂದೇಳ್. ಇಲ್ಲ್ ಗೋಡಿ ಕೆಲ್ಸ ಇತ್ತ್.”

“ಗೋಡಿ? ಎಂತ ಆಯ್ತ್ ಗೋಡಿಗೆ?”

“ಎಂತ ಆಯ್ಲಿಲ್ಲ,” ಎಂದೆ, “ಇನ್ನ್ ಒಡೂಕಿತ್ತ್.”